ಕೆಸರಿನಿಂದ ಎದ್ದ ದುರಿಯನ್ ತೋಟಗಳು

ದುರಿಯನ್ ಹಣ್ಣನ್ನು ಕುರಿತು ಪರದೇಶದ ಯಾತ್ರಿಕರು ಬರೆದಿಟ್ಟಿರುವುದನ್ನೆಲ್ಲ ಒಂದೆಡೆ ಸಂಗ್ರಹಿಸಿದರೆ ಅದರಲ್ಲಿ ಮುಕ್ಕಾಲು ಪಾಲು ಮೂಗಿಗೆ ಸಂಬಂಧಪಟ್ಟ ಮಾತೇ ಆಗಿರುವುದು. ಹದಿನೈದನೆಯ ಶತಮಾನದಲ್ಲಿ ಚೀಣದ ನೌಕಾಧಿಪತಿ ಝೆಂಗ್ ಹೆಯ ಸಂಗಡ ಸಮುದ್ರಯಾನ ಮಾಡಿದ ಮಾ ಹುವಾನನು ಸುಮಾತ್ರದಲ್ಲಿ ಕಂಡ ಈ ಹಣ್ಣಿನ ದುರ್ಗಂಧವನ್ನೂ ಒಳಗಿನ ಬಿಳಿಯ ತಿರುಳಿನ ಮಾಧುರ್ಯವನ್ನೂ ಒಂದೇ ಉಸಿರಿನಲ್ಲಿ ಹೇಳಿದನು. ಹದಿನಾಲ್ಕನೆಯ ಲೂಯಿಯ ರಾಯಭಾರಿಯಾಗಿ 1687ರಲ್ಲಿ ಸಯಾಮಿಗೆ, ಎಂದರೆ ಇಂದಿನ ಥಾಯ್ಲೆಂಡಿಗೆ, ಬಂದ ಲಾ ಲುಬೇರನಿಗೆ ಆ ವಾಸನೆ ಸಹಿಸಲಸಾಧ್ಯವಾಯಿತು. ಮೊದಮೊದಲು ಹಣ್ಣನ್ನು ದೂರವಿಟ್ಟಿದ್ದ ಆಲ್ಫ್ರೆಡ್ ರಸಲ್ ವಾಲೇಸನಾದರೋ ಬೋರ್ನಿಯೊದಲ್ಲಿ ನೆಲಕ್ಕೆ ಬಿದ್ದಿದ್ದ ಒಂದು ಕಳಿತ ಹಣ್ಣನ್ನು ಬಯಲಿನಲ್ಲಿ ಕುಳಿತು ತಿಂದ ಮೇಲೆ ಅದರ ಕಟ್ಟಾ ಭಕ್ತನಾಗಿ, 1869ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ಮನಸಾರೆ ಹೊಗಳಿದನು. ಶಾಸ್ತ್ರಜ್ಞರು ಕೂಡ ಈ ಮೋಹದಿಂದ ಹೊರತಾಗಲಿಲ್ಲ; ಮರಕ್ಕೆ ಲ್ಯಾಟಿನ್ ಹೆಸರಿಡುವಾಗ, ನಮ್ಮ ದೇವಾಲಯಗಳಲ್ಲಿ ಯಾರ ಸುಗಂಧವು ಇಂದಿಗೂ ಸೇವೆಗೆ ಸಲ್ಲುತ್ತದೆಯೋ ಆ ಪುನುಗು ಬೆಕ್ಕನ್ನೇ ನೆನೆದರು. ಇಷ್ಟು ಮಂದಿ ಇಷ್ಟು ಕಾಲ ಮೂಗು ಹಿಡಿದೋ ಬಾಯಿ ಚಪ್ಪರಿಸಿಯೋ ಬರೆದರಲ್ಲದೆ, ಈ ಮರವನ್ನು ನೆಟ್ಟವರಾರು, ಯಾವ ಮಣ್ಣಿನಲ್ಲಿ, ಎಂತಹ ದುಡಿಮೆಯಿಂದ ಅದನ್ನು ಸಾಕಿದರು ಎಂಬುದನ್ನು ವಿಚಾರಿಸಿದವರು ತೀರ ವಿರಳ.

ಮುಳ್ಳಿನ ಮೈಯನ್ನು ಕಂಡು ಇದು ಹಲಸಿನ ಬಂಧುವೆಂದು ನಮ್ಮವರು ಊಹಿಸುವುದು ಸಹಜ. ಆದರೆ ದುರಿಯನ್ ಮರವು ದಾಸವಾಳ, ಹತ್ತಿ, ಬೂರುಗಗಳ ಬಳಗಕ್ಕೆ ಸೇರಿದುದು. ಇದರ ಸಮೀಪದ ದಾಯಾದಿಯೊಂದು ನಮ್ಮ ಸಹ್ಯಾದ್ರಿಯ ದಕ್ಷಿಣ ಭಾಗದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೇ ಉಂಟು. ಸಸ್ಯಶಾಸ್ತ್ರಜ್ಞರು ಕುಲ್ಲೇನಿಯ ಎಂದು ಕರೆಯುವ ಆ ಮರದ ಕಾಯಿಯೂ ಮುಳ್ಳಿನ ಚೆಂಡಿನಂತೆಯೇ ಇರುವುದಾದರೂ ಒಡೆದು ನೋಡಿದರೆ ಬೀಜವುಂಟು, ತೊಳೆಯಿಲ್ಲ. ಆದಕಾರಣ ಅದರ ಹೂವೂ ಬೀಜವೂ ಸಿಂಗಳೀಕಗಳ ಆಹಾರವಾಗಿ ಉಳಿದುವೇ ಹೊರತು ಯಾವ ಅರಸನ ಸುಂಕದ ಕಡತಕ್ಕೂ ಏರಲಿಲ್ಲ.

ದುರಿಯನ್ ಏರಿತು. ಅದು ಏರಿದ ಕಡತಗಳಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ತೋರುವುದು ಸಯಾಮಿನದು. ಬೋರ್ನಿಯೊ, ಸುಮಾತ್ರ, ಮಲಯಗಳಲ್ಲಿ ದುರಿಯನ್ ಬಹುಕಾಲ ಹಿತ್ತಿಲ ಮರವಾಗಿ, ಅರ್ಧ ಕಾಡಿನ ಮರವಾಗಿ ಬೆಳೆದು, ಹಣ್ಣು ತಾನಾಗಿ ಉದುರಿದಾಗ ಊರಿನವರು ಆಯ್ದುಕೊಳ್ಳುವ ವಸ್ತುವಾಗಿದ್ದಿತು. ಸಯಾಮಿನಲ್ಲಿಯಾದರೋ, ಚಾವೊ ಫ್ರಾಯಾ ನದಿಯ ಕೆಳಪಾತ್ರದಲ್ಲಿ, ಇಂದಿನ ಬ್ಯಾಂಕಾಕಿಗೂ ಅದರ ಉತ್ತರಕ್ಕಿರುವ ನೊಂಥಬುರಿಗೂ ಸೇರಿದ ದಂಡೆಗಳಲ್ಲಿ, ಅದು ಕ್ರಮಬದ್ಧವಾದ ತೋಟದ ಬೆಳೆಯಾಯಿತು. ಹೊಸ ಅರಸನು ಪಟ್ಟವೇರಿದಾಗ ರಾಜಾಧಿಕಾರಿಗಳು ತೋಟತೋಟವನ್ನೂ ಕಾಲುನಡಿಗೆಯಲ್ಲಿ ಸುತ್ತಿ, ಫಲ ಕೊಡುವ ಮರಗಳನ್ನು ಎಣಿಸಿ, ಮರಕ್ಕಿಷ್ಟೆಂದು ತೆರಿಗೆ ಗೊತ್ತುಮಾಡಿ ಪತ್ರ ಬರೆದುಕೊಡುವ ಪದ್ಧತಿ ಅಲ್ಲಿದ್ದಿತು. ತೆಂಗು, ಅಡಿಕೆ, ಮಾವುಗಳ ಜೊತೆಗೆ ದುರಿಯನ್ನೂ, ಹಾಲುವಾಣಕ್ಕೆ ಹಬ್ಬಿಸಿದ ವೀಳ್ಯದ ಬಳ್ಳಿಯೂ ಆ ಎಣಿಕೆಗೆ ಒಳಪಟ್ಟಿದ್ದುವು. ನೆಲವನ್ನು ಅಳೆಯದೆ ಮರವನ್ನು ಎಣಿಸಿದ ಆ ಲೆಕ್ಕದಲ್ಲಿ ಒಂದು ನ್ಯಾಯವೂ ಇದ್ದಿತೆನ್ನಬೇಕು. ಏಕೆಂದರೆ ಅಲ್ಲಿ ತೋಟಕ್ಕೆ ಬೇಕಾದ ನೆಲವನ್ನು ತೋಟಗಾರನು ತಾನೇ ನಿರ್ಮಿಸಿಕೊಳ್ಳಬೇಕಾಗಿದ್ದಿತು.

ದುರಿಯನ್ ಮರದ ಸ್ವಭಾವವು ವಿಚಿತ್ರವಾದುದು. ಅದಕ್ಕೆ ನೀರು ಯಥೇಚ್ಛವಾಗಿ ಬೇಕು. ಆದರೆ ಬೇರಿನ ಬುಡದಲ್ಲಿ ನೀರು ನಿಲ್ಲುವುದನ್ನು ಅದು ಸೈರಿಸದು. ನಿಂತರೆ ಬೇರು ಉಸಿರುಕಟ್ಟಿ, ಕೊಳೆರೋಗವು ಹೊಕ್ಕು, ಮುಗಿಲೆತ್ತರದ ಮರವಾದರೂ ಕೆಲವೇ ವಾರಗಳಲ್ಲಿ ಒಣಗಿಹೋಗುವುದು. ಇಂತಹ ಮರಕ್ಕೆ, ವರ್ಷವರ್ಷವೂ ನೆರೆಯೇರುವ, ದಿನದಿನವೂ ಸಮುದ್ರದ ಭರತ ಇಳಿತಗಳಿಗೆ ಸ್ಪಂದಿಸುವ ಜೌಗುನೆಲಕ್ಕಿಂತ ಅಯೋಗ್ಯವಾದ ಎಡೆ ಬೇರೊಂದಿಲ್ಲವೆಂದು ತೋರುವುದು. ನೊಂಥಬುರಿಯ ತೋಟಗಾರರು ಈ ಅಯೋಗ್ಯತೆಯನ್ನೇ ಬಂಡವಾಳ ಮಾಡಿಕೊಂಡರು. ತೋಟದ ಸುತ್ತ ಏರಿ ಹಾಕಿ, ಒಳಗೆ ಸಮಾನಾಂತರವಾಗಿ ಅಗಲವಾದ ಕಾಲುವೆಗಳನ್ನು ತೋಡಿ, ತೋಡಿದ ಮಣ್ಣನ್ನು ನಡುವೆ ಪೇರಿಸಿ ಏರುಮಡಿಗಳನ್ನು ಕಟ್ಟಿ, ಮಡಿಯ ಮೇಲೆ ಮತ್ತೊಂದು ದಿಬ್ಬವನ್ನು ಮಾಡಿ ಆ ದಿಬ್ಬದ ನೆತ್ತಿಯಲ್ಲಿ ಗಿಡವನ್ನು ನೆಟ್ಟರು. ಮಲೆನಾಡಿನ ಅಡಿಕೆ ತೋಟದ ಬಸಿಗಾಲುವೆಗಳನ್ನು ಕಂಡವರಿಗೆ ಈ ವಿನ್ಯಾಸವು ಅಪರಿಚಿತವೆನಿಸದು. ಆದರೆ ನಮ್ಮಲ್ಲಿ ಕಾಲುವೆಯ ಕೆಲಸ ನೀರನ್ನು ಹೊರಹಾಕುವುದು; ಅಲ್ಲಿ ನೀರನ್ನು ಅಳತೆಯಿಂದ ಒಳಗಿರಿಸಿಕೊಳ್ಳುವುದೂ ಅದರದೇ ಕೆಲಸ. ಏರಿಯ ಕೆಳಗೆ ಹೂತಿಟ್ಟ ಕೊಳವೆಯ ಬಾಯನ್ನು ಭರತದ ಹೊತ್ತಿಗೆ ತೆರೆದರೆ ನದಿಯು ಒಳಬರುವುದು, ಇಳಿತದ ಹೊತ್ತಿಗೆ ತೆರೆದರೆ ಮಿಕ್ಕ ನೀರು ಹೊರಹೋಗುವುದು. ಬೇಸಗೆಯಲ್ಲಿ ತೋಟಗಾರನು ಕಾಲುವೆಯ ಅಂಚಿನಲ್ಲಿ ನಿಂತು ಉದ್ದ ಹಿಡಿಯ ಮೊಗೆಯಿಂದ ನೀರನ್ನು ಎತ್ತಿ ಎರಡೂ ಕಡೆಯ ಮಡಿಗಳಿಗೆ ಬೀಸಿ ಚೆಲ್ಲುವನು.

ಮರಗಳ ನಡುನಡುವೆ ಹಾಲುವಾಣ ನೆಡುವ ವಾಡಿಕೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಆಸರೆಯಾಗಿರುವ ಹಾಲುವಾಣದ ಕುಲದ ಮರವೇ ಅಲ್ಲಿ ಎಳೆಯ ದುರಿಯನ್ನಿಗೆ ಕೊಡೆಯಾಯಿತು; ಅದರ ಬೇರು ಮಣ್ಣಿಗೆ ಸಾರಜನಕವನ್ನು ಕೂಡಿಸಿತು; ಅದರ ಎಲೆ ಕಾಲುವೆಗೆ ಉದುರಿ, ಕೊಳೆತು, ನದಿ ತಂದ ಗೋಡಿನೊಡನೆ ಬೆರೆಯಿತು. ಆ ಕಪ್ಪು ಗೋಡನ್ನು ಬೇಸಗೆಯಲ್ಲಿ ಮೊಗೆದು ಮತ್ತೆ ಮರದ ಬುಡಕ್ಕೆ ಏರಿಸುವುದು ತೋಟದ ವಾರ್ಷಿಕ ವಿಧಿಯಾಗಿದ್ದಿತು. ದುರಿಯನ್ನಿನ ನೆರಳಿನಲ್ಲಿ ಮ್ಯಾಂಗೊಸ್ಟೀನ್, ಏರಿಯ ಮೇಲೆ ತೆಂಗು ಅಡಿಕೆ, ಹೀಗೆ ಒಂದರ ಕಂಕುಳಲ್ಲಿ ಒಂದು ಬೆಳೆದ ಈ ತೋಟಗಳಲ್ಲಿ ಮಗ್ಗುಲ ತೋಟದ ಬೀಜದಿಂದಲೋ ಆಕಸ್ಮಿಕ ಸಂಕರದಿಂದಲೋ ಹುಟ್ಟಿದ ಒಳ್ಳೆಯ ಗಿಡವನ್ನು ಗುರುತಿಸಿ, ಕಸಿಕಟ್ಟಿ, ಹೆಸರಿಟ್ಟು ಉಳಿಸಿಕೊಂಡ ಫಲವಾಗಿ ಇನ್ನೂರಕ್ಕೂ ಮಿಕ್ಕಿದ ತಳಿಗಳಾದುವು. ಉದ್ದನೆಯ ತೊಟ್ಟಿನದು, ಚಿನ್ನದ ದಿಂಬು, ಚಿನ್ನದ ಗುಂಡಿ, ಕಪ್ಪೆ, ಗಿಬ್ಬನ್ ಕೋತಿ ಎಂಬರ್ಥದ ಅವುಗಳ ನಾಮಾವಳಿಯನ್ನು ನೋಡಿದರೆ ಹೆಸರಿಟ್ಟವರು ಪಂಡಿತರಲ್ಲ, ತೋಟದಲ್ಲಿಯೇ ಹುಟ್ಟಿ ಬೆಳೆದವರು ಎಂಬುದು ಸ್ಪಷ್ಟವಾಗುವುದು.

ನೀರನ್ನು ಪಳಗಿಸಿ ಕಟ್ಟಿದ ಈ ತೋಟಗಳನ್ನು ನೀರೇ ಕೆಡವಿತು. 1942ರಲ್ಲಿ, ಯುದ್ಧದ ಸಂಕಷ್ಟದ ನಡುವೆ ಬಂದ ಮಹಾಪೂರದಲ್ಲಿ ಬ್ಯಾಂಕಾಕಿನ ಬೀದಿಗಳಲ್ಲಿ ದೋಣಿಗಳು ಓಡಾಡಿದುದರ ಚಿತ್ರಗಳು ಇಂದಿಗೂ ಪ್ರಸಿದ್ಧವಾಗಿವೆ. ಏರಿಯನ್ನು ಮೀರಿ ವಾರಗಟ್ಟಲೆ ನಿಂತ ನೀರಿನಲ್ಲಿ ತಲೆಮಾರುಗಳ ದುರಿಯನ್ ಮರಗಳು ಸತ್ತುಹೋದುವು. ಉಳಿದ ಕಸಿಗಳಿಂದ ಜನ ಮತ್ತೆ ನೆಟ್ಟರು. ಮತ್ತೆ ನೆಟ್ಟುದನ್ನು 1995ರ ನೆರೆಯೂ 2011ರ ನೆರೆಯೂ ಕೊಂಡೊಯ್ದುವು. ಈ ನಡುವೆ ನದಿಯ ಬಾಯಿಂದ ಉಪ್ಪುನೀರು ಮೇಲೇರಿದ ವರ್ಷಗಳೂ ಇದ್ದುವು. ಇನ್ನು, ನಗರವು ಸೇತುವೆ ರಸ್ತೆಗಳ ಬೆನ್ನೇರಿ ಬಂದು ತೋಟದ ನೆಲಕ್ಕೆ ಫಲದಿಂದ ಎಂದೂ ಹುಟ್ಟದ ಬೆಲೆ ಕಟ್ಟಿತು. ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ, ಬೆಂಗಳೂರಿನ ಸುತ್ತಲಿನ ತೋಪುಗಳ ಕಥೆ ಬಲ್ಲವರಿಗೆ ಇದೂ ತಿಳಿದದ್ದೇ.

ಆದರೆ ಕಸಿಯ ಕಡ್ಡಿಗೆ ಊರಿನ ಹಂಗಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದುರಿಯನ್ ಬೇಸಾಯದ ಕೇಂದ್ರವು ಪೂರ್ವತೀರದ ಚಂಥಬುರಿ, ರಯೋಂಗ್ ಪ್ರಾಂತಗಳ ಕೆಮ್ಮಣ್ಣಿನ ಇಳಿಜಾರುಗಳಿಗೆ ಸರಿಯಿತು. ಮಳೆ ಧಾರಾಳ, ನೀರು ನಿಲ್ಲುವ ಭಯವಿಲ್ಲ, ಮಡಿ ಕಟ್ಟುವ ಕಷ್ಟವಿಲ್ಲ. ನೂರಾರು ತಳಿಗಳಲ್ಲಿ ಚಿನ್ನದ ದಿಂಬಿನಂತಹ ಎರಡು ಮೂರು ಮಾತ್ರ ದೂರದ ಪೇಟೆಗೆ ಒಗ್ಗಿದುವಾಗಿ ತೋಟಗಳು ಏಕರೂಪವಾದುವು. ದುರಿಯನ್ ಹೂವು ಸಂಜೆಗೆ ಅರಳಿ ಬೆಳಗಾಗುವುದರೊಳಗೆ ಉದುರುವಂತಹುದು. ಅದರ ಪರಾಗವನ್ನು ಹೊತ್ತೊಯ್ಯುತ್ತಿದ್ದವು ಗುಹೆಗಳಲ್ಲಿ ವಾಸಿಸುವ ಮಧುಪಾಯಿ ಬಾವಲಿಗಳು. ಒಂದೇ ತಳಿಯ ತೋಟದಲ್ಲಿ ಸ್ವಕೀಯ ಪರಾಗದಿಂದ ಕಾಯಿ ಚೆನ್ನಾಗಿ ಕಟ್ಟದಾದುದರಿಂದ, ಈಗ ಕೂಲಿಯವರು ರಾತ್ರಿಯ ಹೊತ್ತು ಮರವೇರಿ, ಬೇರೊಂದು ತಳಿಯ ಪರಾಗವನ್ನು ಕುಂಚದಿಂದ ಹೂವಿಗೆ ಸವರುವರು. ಕಾಯಿ ಬಲಿಯುತ್ತಿರಲು ಅದರ ಭಾರಕ್ಕೆ ಕೊಂಬೆ ಮುರಿಯದಂತೆ ಒಂದೊಂದನ್ನೂ ಬಣ್ಣದ ದಾರದಿಂದ ಮೇಲಿನ ಕೊಂಬೆಗೆ ಕಟ್ಟುವರು; ದಾರದ ಬಣ್ಣವು ಹೂ ಅರಳಿದ ತಂಡದ ಗುರುತು, ಅದರಿಂದಲೇ ಕೊಯ್ಲಿನ ದಿನದ ಲೆಕ್ಕ. ಚಿನ್ನದ ದಿಂಬಿಗೆ ಅರಳಿದಂದಿನಿಂದ ಸುಮಾರು 120 ದಿನ ಬೇಕು. ಕೊಯ್ಯುವವನು ಮೇಲೆ ಹಗ್ಗ ಹಿಡಿದು ನಿಂತು, ಕಾಯನ್ನು ಕೋಲಿನಿಂದ ತಟ್ಟಿ ನಾದವನ್ನಾಲಿಸಿ, ತೊಟ್ಟು ಕತ್ತರಿಸಿ ಕೆಳಗೆ ಬಿಡುವನು. ಕೆಳಗಿದ್ದವನು ಗೋಣಿಚೀಲವನ್ನು ಎರಡು ಕೈಯಲ್ಲಿ ಹಿಡಿದು, ಬೀಳುವ ಮುಳ್ಳಿನ ಗುಂಡನ್ನು ಅದರ ವೇಗದೊಡನೆಯೇ ಓರೆಯಾಗಿ ಬೀಸಿ ಸೆಳೆದುಕೊಂಡು ನೆಲಕ್ಕಿಳಿಸುವನು. ಕ್ಷಣಮಾತ್ರ ತಪ್ಪಿದರೆ ಆಪತ್ತು. ಮಲಯದವರು ಹಣ್ಣು ಉದುರುವವರೆಗೂ ಕಾಯ್ದು ಅಂದೇ ತಿನ್ನುವುದೇ ರಸಿಕತನವೆಂದು ವಾದಿಸುವರು. ರುಚಿಯ ಮಟ್ಟಿಗೆ ಅವರ ಮಾತನ್ನು ಅಲ್ಲಗಳೆಯಲಾಗದು. ಆದರೆ ಉದುರಿದ ಹಣ್ಣು ಹಡಗು ಹತ್ತಲಾರದು. ಸಯಾಮಿನ ಕಾಯಿ ಹತ್ತಿತು. 2023ರಲ್ಲಿ ಥಾಯ್ಲೆಂಡ್ ಚೀಣಕ್ಕೆ ಮಾರಿದ ದುರಿಯನ್ನಿನ ಮೌಲ್ಯ 400 ಕೋಟಿ ಡಾಲರನ್ನು ದಾಟಿತು.

ನಮ್ಮ ದೇಶದಲ್ಲಿ ಈ ಮರದ ಇತಿಹಾಸ ಸಂಕ್ಷಿಪ್ತವಾದುದು. ಮೇಟ್ಟುಪಾಳ್ಯದಿಂದ ನೀಲಗಿರಿಗೆ ಏರುವ ಘಟ್ಟದ ದಾರಿಯಲ್ಲಿ ಬರ್ಲಿಯಾರ್ ಎಂಬಲ್ಲಿ ಸರ್ಕಾರದ ಹಳೆಯ ಹಣ್ಣಿನ ತೋಟದಲ್ಲಿ ಕೆಲವು ದುರಿಯನ್ ಮರಗಳಿವೆ. ಅವುಗಳ ಹಣ್ಣಿಗೆ ಬೇಡಿಕೆ ಹುಟ್ಟಿದುದು ನಾಲಗೆಯಿಂದಲ್ಲ, ತಿಂದರೆ ಸಂತಾನಭಾಗ್ಯ ಲಭಿಸುವುದೆಂಬ ನಂಬಿಕೆಯಿಂದ.

ನೊಂಥಬುರಿಯಲ್ಲಿ ಅಳಿದುಳಿದ ತೋಟಗಳಲ್ಲಿ ಇಂದಿಗೂ ಉದ್ದ ತೊಟ್ಟಿನ ತಳಿಯನ್ನು ಬೆಳೆಯುವರು. 2019ರಲ್ಲಿ ಅಲ್ಲಿಯ ಹಣ್ಣಿನ ಹರಾಜಿನಲ್ಲಿ ಒಂದೇ ಒಂದು ಕಾಯಿಗೆ 15 ಲಕ್ಷ ಬಾತ್ ಬಂದಿತೆಂಬ ವಾರ್ತೆ ಲೋಕವೆಲ್ಲ ಹಬ್ಬಿತು. ಅದು ಬೆಲೆಯಲ್ಲ, ಬಿರುದು. ನಿಜವಾದ ಬೆಲೆಯ ಪ್ರಭಾವವನ್ನು ಕಾಣಬೇಕಾದರೆ ಇನ್ನಷ್ಟು ಪೂರ್ವಕ್ಕೆ ಹೋಗಬೇಕು. 2022ರಲ್ಲಿ ವಿಯೆಟ್ನಾಮಿನ ತಾಜಾ ಹಣ್ಣಿಗೂ ಚೀಣದ ಬಾಗಿಲು ವಿಧ್ಯುಕ್ತವಾಗಿ ತೆರೆದ ಮೇಲೆ, ಆ ದೇಶದ ಮಧ್ಯದ ಎತ್ತರ ಪ್ರದೇಶಗಳಲ್ಲಿ ಎಷ್ಟೋ ರೈತರು ಮೆಣಸನ್ನೂ ಕಾಫಿಯನ್ನೂ ಕಿತ್ತು, ಅದೇ ಕೆಮ್ಮಣ್ಣಿನಲ್ಲಿ ಚಿನ್ನದ ದಿಂಬಿನ ಕಸಿಗಳನ್ನು ನೆಟ್ಟಿರುವರು. ರೊಬಸ್ಟಾ ಕಾಫಿಯನ್ನು ಲೋಕಕ್ಕೆಲ್ಲ ಅತ್ಯಧಿಕವಾಗಿ ಒದಗಿಸುವ ನಾಡು ಅದೇ. 2024ರಲ್ಲಿ ರೊಬಸ್ಟಾದ ಬೆಲೆ ಹಿಂದೆಂದೂ ಕಾಣದಷ್ಟು ಏರಿ ಕೊಡಗು ಚಿಕ್ಕಮಗಳೂರುಗಳ ಬೆಳೆಗಾರರು ಹಿಗ್ಗಿದಾಗ, ಆ ಏರಿಕೆಗೆ ಬರಗಾಲವೇ ಮೊದಲಾದ ಹಲವು ಕಾರಣಗಳ ಜೊತೆಗೆ, ಅವರಲ್ಲಿ ಹೆಚ್ಚಿನವರು ಬಾಯಿಗಿಟ್ಟು ನೋಡಿಯೂ ಇರದ ಈ ಹಣ್ಣೂ ಒಂದು ಕಾರಣವಾಗಿದ್ದಿತು.