ಕಂಬ, ಕರೆಂಟು ಮತ್ತು ಒಂದು ಹಸಿರು ತಂತಿ

ಮೊನ್ನೆ ಮಳೆ ನಿಂತ ಮೇಲೆ ಆಫೀಸಿನ ಪಾರ್ಕಿಂಗ್‌ನಲ್ಲಿ ಬೈಕ್ ತೆಗೆಯುವಾಗ ದೀಪದ ಕಂಬಕ್ಕೆ ಕೈ ತಾಗಿತು. ಜುಮ್ ಅಂತು! ಜೋರಾಗೇನಲ್ಲ, ಆದರೂ ಎದೆ ಧಸಕ್ಕೆಂದಿತು. ಎಲೆಕ್ಟ್ರಿಷಿಯನ್‌ನನ್ನು ಕರೆದರೆ ಕಂಬದ ಬುಡದಲ್ಲಿ ಹೂತಿದ್ದ ರಾಡ್ ತೋರಿಸಿ "ಅರ್ಥಿಂಗ್ ಇದೆಯಲ್ಲ ಸಾರ್" ಅಂದ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೂ ಗೊತ್ತಿದ್ದದ್ದು ಅಷ್ಟೇ. (ನಾನು ಕಂಪ್ಯೂಟರ್ ಸೈನ್ಸ್ ಬಿಡಿ :-)) ಮನೆಗೆ ಬಂದು ಇದರ ಇತಿಹಾಸ ಕೆದಕುತ್ತಾ ಕೂತೆ.

ನೆಲಕ್ಕೆ ಸರಳು ಇಳಿಸುವ ಉಪಾಯ ಬಂದದ್ದು ಸಿಡಿಲಿಗಾಗಿ. 1750ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತೋರಿಸಿದ ದಾರಿ ಅದು. ಸಿಡಿಲಿನ ಕೋಟಿಗಟ್ಟಲೆ ವೋಲ್ಟ್‌ಗೆ ನೆಲದ ರೆಸಿಸ್ಟೆನ್ಸ್ ಲೆಕ್ಕಕ್ಕಿಲ್ಲ. ನಮ್ಮ 230 ವೋಲ್ಟ್‌ನ ಕಥೆಯೇ ಬೇರೆ. ರಾಡಿನ ರೆಸಿಸ್ಟೆನ್ಸ್ 25 ಓಮ್ ಅಂದುಕೊಳ್ಳಿ. ಓಮ್ ಸಾಹೇಬರ ಪ್ರಕಾರ ಹರಿಯುವುದು ಬರೀ 9.2 ಆಂಪಿಯರ್. 16 ಆಂಪಿಯರ್‌ನ ಬ್ರೇಕರ್‌ಗೆ ಇದು ಮಾಮೂಲಿ ಲೋಡ್, ಅದು ಬೀಳುವುದೇ ಇಲ್ಲ. ಕಂಬ ಹಾಗೇ ಕರೆಂಟು ಹೊತ್ತು ನಿಂತಿರುತ್ತದೆ. ಅದೇ ಕಂಬದಿಂದ ಒಂದು ತಂತಿ ವಾಪಸ್ ಪ್ಯಾನಲ್‌ಗೆ, ಅಲ್ಲಿ ನ್ಯೂಟ್ರಲ್ ಜೋಡಣೆಯ ತನಕ ಹೋಗಿದ್ದು ಒಟ್ಟು ರೆಸಿಸ್ಟೆನ್ಸ್ 1 ಓಮ್ ಆದರೆ? 230 ಆಂಪಿಯರ್. ಬ್ರೇಕರ್ ಕ್ಷಣದಲ್ಲಿ ಬೀಳುತ್ತದೆ. 1897ರಲ್ಲಿ ಶುರುವಾದ ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಇವತ್ತು ಇದನ್ನೇ ಹೇಳುತ್ತದೆ: ಫಾಲ್ಟ್ ಕರೆಂಟಿಗೆ ಬರೀ ನೆಲವನ್ನು ದಾರಿಯೆಂದು ನಂಬಬೇಡಿ.

ಇನ್ನೊಂದು ಹೆಜ್ಜೆ ಇಟ್ಟವರು ಬರ್ಕ್‌ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್‌ಜೀಲ್. ಒಪ್ಪಿ ಬಂದವರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟಿನ ತನಕ ಬಿಡಿಸಿಕೊಳ್ಳಬಲ್ಲರು ಅಂತ ಅಳೆದರು! ಗಂಡಸರ ಸರಾಸರಿ ಸುಮಾರು 16 ಮಿಲಿಆಂಪಿಯರ್. 1961ರಲ್ಲಿ ಅವರು ರೂಪಿಸಿದ ಸಾಧನ ಸುಮಾರು 5 ಮಿಲಿಆಂಪಿಯರ್ ಸೋರಿದರೇ ಕರೆಂಟು ಕಡಿಯುತ್ತಿತ್ತು. ನಮ್ಮ ಮನೆಗಳ 30 ಮಿಲಿಆಂಪಿಯರ್ ಆರ್‌ಸಿಸಿಬಿ ಅದೇ ಜಾತಿಯದು.

ಇಷ್ಟೆಲ್ಲ ಗೊತ್ತಿದ್ದೂ 2004ರ ಜನವರಿಯಲ್ಲಿ ನ್ಯೂಯಾರ್ಕ್‌ನ ಈಸ್ಟ್ ವಿಲೇಜ್‌ನಲ್ಲಿ ನಾಯಿಗಳನ್ನು ತಿರುಗಾಡಿಸುತ್ತಿದ್ದ 30 ವರ್ಷದ ಹುಡುಗಿಯೊಬ್ಬಳು, ರಸ್ತೆಯ ವಿದ್ಯುತ್ ಬಾಕ್ಸಿನ ಲೋಹದ ಮುಚ್ಚಳ ತುಳಿದು ಸತ್ತಳು. ಒಳಗಿನ ತಂತಿಯ ಇನ್ಸುಲೇಷನ್ ಸರಿಯಿರಲಿಲ್ಲ, ಮೇಲೆ ಹಿಮ ಕರಗಿದ ಉಪ್ಪುನೀರು. 2005ರಲ್ಲಿ ಅಲ್ಲಿನ ಪಬ್ಲಿಕ್ ಸರ್ವಿಸ್ ಕಮಿಷನ್ ಪ್ರತಿವರ್ಷ ಬೀದಿಯ ಇಂಥ ಲೋಹಗಳನ್ನೆಲ್ಲ ಪರೀಕ್ಷಿಸಿ ಅಂತ ಆದೇಶಿಸಿತು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ದೀಪದ ಕಂಬಗಳೇ!

ಸೋಮವಾರ ಲೆಕ್ಕದ ಚೀಟಿ ಹಿಡಿದು ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಮೊದಲು ನಕ್ಕ. ಆಮೇಲೆ ಮೇನ್ ಆಫ್ ಮಾಡಿ ಕಂಬದ ಬುಡದ ಮುಚ್ಚಳ ಬಿಚ್ಚಿದ. ಒಳಗೆ ಫೇಸ್, ನ್ಯೂಟ್ರಲ್, ಎರಡೇ ತಂತಿ. ಹಸಿರು ತಂತಿ ಇರಲೇ ಇಲ್ಲ.