ಬೇಲಿಯ ಚರಿತ್ರೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಇತಿಹಾಸ ಬರೆದುಕೊಡಿ ಸಾರ್ ಎಂದು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಕೇಳಿದಾಗ ನಾನು ಒಪ್ಪಲಿಲ್ಲ. ಕಟ್ಟಡ ಯಾವಾಗ ಎದ್ದಿತು, ಯಾರ್ಯಾರು ಮುಖ್ಯೋಪಾಧ್ಯಾಯರಾಗಿದ್ದರು ಎಂಬುದನ್ನು ಈ ಸಂಚಿಕೆಯಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ಇತಿಹಾಸದ ಮೇಷ್ಟ್ರಾದ ನನಗೆ ಬರೆಯಬೇಕೆನಿಸಿದ್ದು ಶಾಲೆಯ ಹಿಂದಿದ್ದ ಬೇಲಿಯ ಚರಿತ್ರೆ. ಅದರಲ್ಲಿ ನನ್ನದೂ ಒಂದು ಪಾಲಿದೆ.

1984ರ ಮಳೆಗಾಲ. ಜಗಳೂರು ತಾಲ್ಲೂಕಿನ ಈ ಶಾಲೆಗೆ ನಾನು ಬಂದು ಎರಡು ವರ್ಷವಾಗಿತ್ತು. ವನಮಹೋತ್ಸವದ ದಿನ ಮಕ್ಕಳು ನೆಟ್ಟ ಹೊಂಗೆ, ಬೇವಿನ ಸಸಿಗಳನ್ನು ಊರಿನ ಆಡುಗಳು ವಾರದೊಳಗೆ ಬೋಳಿಸುತ್ತಿದ್ದವು. ಮುಳ್ಳುತಂತಿಗೆ ದುಡ್ಡಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗರನ್ನು ಕರೆದುಕೊಂಡು ಹೋಗಿ ರಸ್ತೆ ಬದಿಯ ಬಳ್ಳಾರಿ ಜಾಲಿಯ ಕಾಯಿಗಳನ್ನು ಎರಡು ಚೀಲ ಆರಿಸಿ ತಂದೆ. ಬೀಜವನ್ನು ಸಗಣಿ ನೀರಿನಲ್ಲಿ ನೆನೆಸಿ, ಮೈದಾನದ ಅಂಚಿನಲ್ಲಿ ಗುಳಿ ತೆಗೆಸಿ ಹಾಕಿಸಿದೆ. ಮೂರು ವರ್ಷಕ್ಕೆ ಆಡಿರಲಿ, ನಾಯಿಯೂ ನುಗ್ಗಲಾರದಂಥ ಬೇಲಿ ಎದ್ದಿತು. ಮೇಷ್ಟ್ರು ಬುದ್ಧಿವಂತರು ಎಂದು ಊರವರು ಹೊಗಳಿದರು. ನಾನೂ ಹಾಗೆಯೇ ತಿಳಿದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಜಾಲಿ ನಮ್ಮ ಬೇಲಿಯನ್ನು ಬಿಟ್ಟು ಹಿಂದಿನ ಗೋಮಾಳಕ್ಕೆ ಇಳಿದು, ಅಲ್ಲಿಂದ ಹಳ್ಳದ ದಂಡೆಗುಂಟ ಹೊರಟಿತ್ತು.

ನಮ್ಮ ಹಳೆಯ ಜಾಲಿಗಳು ಬೇರೆ. ಕರಿಜಾಲಿ, ಬಿಳಿಜಾಲಿ ಈ ನೆಲದವೇ. ಕರಿಜಾಲಿಯ ಕೊರಡಿಲ್ಲದೆ ನಮ್ಮ ಕಡೆ ಗಾಡಿಯಿಲ್ಲ, ನೇಗಿಲಿಲ್ಲ. ಬಳ್ಳಾರಿ ಜಾಲಿ ಮಾತ್ರ ಅಮೆರಿಕ ಖಂಡದ ಗಿಡ. 1876ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಎಂಬಾತ ಒಣನಾಡಿಗೆ ಸೌದೆಯ ಮರ ಬೇಕೆಂದು ಇದರ ಬೀಜಕ್ಕೆ ಬರೆದ. ಮರುವರ್ಷ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಅದನ್ನು ಬಿತ್ತಿದರು. ಬಳ್ಳಾರಿ 1953ರವರೆಗೂ ಮದ್ರಾಸಿಗೇ ಸೇರಿತ್ತು, ಮೈಸೂರು ಸೀಮೆಯ ಜಗಳೂರು ಅದರ ಗಡಿಗೆ ಅಂಟಿಕೊಂಡಿತ್ತು. ಗಿಡ ಯಾವ ದಾರಿಯಿಂದ ನಮ್ಮಲ್ಲಿಗೆ ಬಂದಿರಬೇಕು ಎಂಬುದನ್ನು ನಮ್ಮ ಜನ ಇಟ್ಟ ಹೆಸರೇ ಹೇಳುತ್ತದೆ ಎಂದು ನನ್ನ ಊಹೆ. 1877 ದಕ್ಷಿಣ ಭಾರತದ ದೊಡ್ಡ ಬರಗಾಲದ ವರ್ಷವೂ ಹೌದು. ಬರದಲ್ಲಿ ಹಸಿರಾಗಿ ನಿಲ್ಲುವ ಮರ ಅಂದಿನವರ ಕಣ್ಣಿಗೆ ಹೇಗೆ ಕಂಡಿರಬೇಕೆಂದು ಯೋಚಿಸಿದರೆ, ಅವರನ್ನು ಬೈಯುವುದು ಕಷ್ಟ. ಗುಜರಾತಿನ ಕಛ್‌ನಲ್ಲಿ ಉಪ್ಪು ನೆಲ ಹಬ್ಬದಂತೆ ತಡೆಯಲು 1961ರ ಹೊತ್ತಿಗೆ ಬನ್ನಿ ಹುಲ್ಲುಗಾವಲಿನ ಅಂಚಿನಲ್ಲಿ ಇದನ್ನೇ ಬಿತ್ತಿದರು. ಏಷ್ಯಾದ ದೊಡ್ಡ ಹುಲ್ಲುಗಾವಲುಗಳಲ್ಲಿ ಒಂದಾಗಿದ್ದ ಬನ್ನಿಯ ಬಹುಭಾಗ ಈಗ ಜಾಲಿಯ ಕಾಡು. ಅಲ್ಲಿ ಸರ್ಕಾರ ಮಾಡಿದ್ದನ್ನು ಇಲ್ಲಿ ನಾನು ಎರಡು ಚೀಲದಲ್ಲಿ ಮಾಡಿದೆ.

ಪರದೇಶದ್ದೆಲ್ಲ ಕೆಟ್ಟದ್ದು ಎಂದು ಮಕ್ಕಳು ತಿಳಿಯಬಾರದು. ಹಾಗೆ ಹೊರಟರೆ ನಮ್ಮ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಮೆಣಸಿನಕಾಯಿ, ಶೇಂಗಾ, ಟೊಮೆಟೊ ಎಲ್ಲ ಅಮೆರಿಕದವು. ದಾವಣಗೆರೆ ಜಿಲ್ಲೆ ಹೆಸರು ಮಾಡಿರುವ ಮೆಕ್ಕೆಜೋಳವೂ ಅಲ್ಲಿಯದೇ. ಅವು ನಾವು ಉತ್ತಿದ ಹೊಲದಲ್ಲಿ, ನಾವು ಬಿತ್ತಿದಷ್ಟೇ ಬೆಳೆಯುತ್ತವೆ. ಕೇಳದೆ ಹಬ್ಬುವ ಜಾತಿಯೇ ಬೇರೆ.

ಹಬ್ಬಿದ್ದೆಲ್ಲ ಹಬ್ಬಿಯೇ ಉಳಿಯುತ್ತದೆ ಎಂದೂ ಅಲ್ಲ. ನನ್ನ ಅಜ್ಜಿ ತಾನು ಹುಡುಗಿಯಾಗಿದ್ದಾಗ ಊರ ಸುತ್ತ ಪಾಪಾಸುಕಳ್ಳಿ ಎಷ್ಟಿತ್ತೆಂದರೆ ಕಳೆದುಹೋದ ಕರು ಸಿಗುತ್ತಿರಲಿಲ್ಲ ಎನ್ನುತ್ತಿದ್ದಳು. ಅದೂ ಅಮೆರಿಕದ್ದು. ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಹುಳುವಿನಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು. ಆ ವ್ಯಾಪಾರಕ್ಕೆಂದು ಈಸ್ಟ್ ಇಂಡಿಯಾ ಕಂಪನಿಯವರು 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿದರು. ಬಂದದ್ದು ತಪ್ಪು ಹುಳು. ಬಣ್ಣ ಸರಿಯಾಗಿ ಕೊಡಲಿಲ್ಲ, ಕಳ್ಳಿಯನ್ನು ಮಾತ್ರ ತಿಂದು ಹಾಕಿತು. ಉಳಿದ ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಸಿಂಹಳದಿಂದ ಬೇರೊಂದು ಕೊಚಿನೀಲ್ ಹುಳು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಎಕರೆಗಟ್ಟಲೆ ಕಳ್ಳಿ ಕೊಳೆತು ಬಿತ್ತು. ಅಜ್ಜಿ ಅದನ್ನು ಮಾರಮ್ಮನ ಕೃಪೆ ಎಂದು ನಂಬಿದ್ದಳು. ಹುಳುವಿನ ಕಥೆ ನನಗೆ ತಿಳಿಯುವ ಹೊತ್ತಿಗೆ ಹೇಳಲು ಅವಳಿರಲಿಲ್ಲ.

1991ರಲ್ಲಿ ನನಗೆ ಚನ್ನಗಿರಿ ತಾಲ್ಲೂಕಿಗೆ ವರ್ಗವಾಯಿತು. ಒಣನಾಡಿನಿಂದ ಹೋದವನಿಗೆ ಅದು ಬೇರೆಯದೇ ಲೋಕ: ಭದ್ರಾ ಕಾಲುವೆ, ಅಡಿಕೆ ತೋಟ, ಸೂಳೆಕೆರೆ. ಶಾಂತವ್ವನ ಕಥೆ ಕೇಳಿಸಲು ಮಕ್ಕಳನ್ನು ಕೆರೆ ಏರಿಯ ಮೇಲೆ ಕರೆದೊಯ್ದಾಗ, ಮೀನು ಹಿಡಿಯುವ ಮನೆಯ ಹುಡುಗರು ನನಗೇ ಪಾಠ ಮಾಡಿದರು. ಅವರಜ್ಜಂದಿರು ಹಿಡಿಯುತ್ತಿದ್ದದ್ದು ಕೊರವ, ಚೇಳುಮೀನು, ಹಾವುಮೀನು. ಅವರ ಬಲೆಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಜಿಲೇಬಿ. ತಿಲಾಪಿಯ ಎಂಬ ಈ ಆಫ್ರಿಕದ ಮೀನನ್ನು ಬಡವರ ಆಹಾರವಾದೀತೆಂದು 1952ರಲ್ಲಿ ಭಾರತಕ್ಕೆ ತಂದರು. ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಮೀನದು, ಒಮ್ಮೆ ಕೆರೆಗೆ ಬಿದ್ದರೆ ಮುಗಿಯಿತು. ಆಹಾರವೇನೋ ಆಯಿತು, ಸುಳ್ಳಲ್ಲ.

ಆಮೇಲೆ ಹೊನ್ನಾಳಿ, ನಂತರ ನ್ಯಾಮತಿ. ಆಗ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ತೀರ್ಥರಾಮೇಶ್ವರದ ಗುಡ್ಡ ಹತ್ತುವಾಗ ದಾರಿಯ ಎರಡೂ ಬದಿ ಲಂಟಾನ. ಇಂಗ್ಲಿಷರು ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಕಲ್ಕತ್ತೆಯ ತೋಟಕ್ಕೆ ಅಲಂಕಾರಕ್ಕೆಂದು ತಂದ ಹೂವಿನ ಗಿಡ ಅದು. ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ, ಮಲೆನಾಡಿನ ಅಂಚಿಗೆ ಹೋದರೆ ಕಮ್ಯುನಿಸ್ಟ್ ಗಿಡ. ನಮ್ಮ ಜನ ಯಾವ ಪಕ್ಷವನ್ನೂ ಬಿಟ್ಟಿಲ್ಲ! ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದಿಂದ ಆಮದಾದ ಗೋಧಿಯ ಜೊತೆ ಬಂತೆನ್ನುವುದು ಎಲ್ಲರ ಮಾತು. 1975ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಪೀಡಕ ಕಳೆಯೆಂದು ಘೋಷಿಸಿತು. 1984ರಲ್ಲಿ ಮೆಕ್ಸಿಕೋದ ಎಲೆ ತಿನ್ನುವ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ನಾನು ಇಲ್ಲಿ ಜಾಲಿ ಬಿತ್ತಿಸುತ್ತಿದ್ದ ವರ್ಷವೇ! ಜೀರುಂಡೆ ಮಳೆಗಾಲದಲ್ಲಿ ತಿನ್ನುತ್ತದೆ, ಗಿಡ ಮತ್ತೆ ಬರುತ್ತದೆ. ಕಳ್ಳಿಗೆ ಆದದ್ದು ಇದಕ್ಕೆ ಆಗಲಿಲ್ಲ.

ನಾನು ನಿವೃತ್ತನಾದ ಮೇಲೆ, 2018ರ ಮೇ ತಿಂಗಳಲ್ಲಿ, ನ್ಯಾಮತಿಗೆ ಹತ್ತಿರದ ಶಿವಮೊಗ್ಗದಲ್ಲಿ ಮೆಕ್ಕೆಜೋಳದ ಸುಳಿ ತಿನ್ನುವ ಹೊಸ ಹುಳು ಸಿಕ್ಕಿತು. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಅಲ್ಲಿಯೇ. ಅಮೆರಿಕದಿಂದ ಬಂದ ಬೆಳೆಯನ್ನು ನೂರಾರು ವರ್ಷದ ಮೇಲೆ ಅಮೆರಿಕದ ಹುಳು ಹುಡುಕಿಕೊಂಡು ಬಂತು. ಹೊನ್ನಾಳಿ, ನ್ಯಾಮತಿಯ ನನ್ನ ಹಳೆಯ ವಿದ್ಯಾರ್ಥಿಗಳು ಆ ವರ್ಷ ಸುಳಿಯೊಳಗೆ ಮರಳು ಹಾಕುವುದರಿಂದ ಹಿಡಿದು ಏನೇನೋ ಮಾಡಿದರು. ಔಷಧಿಯ ಸಾಲ ಕೆಲವರಿಗೆ ಇನ್ನೂ ತೀರಿಲ್ಲ.

ಕೊನೆಯ ಎಂಟು ವರ್ಷ ಕೆಲಸ ಮಾಡಲು ನಾನು ಇದೇ ಶಾಲೆಗೆ ಮರಳಿದೆ. ಹಿಂದಿನ ಗೋಮಾಳ ಗುರುತು ಸಿಗಲಿಲ್ಲ. ಕರಡ, ಗರಿಕೆ, ನಡುನಡುವೆ ತಂಗಡಿ ಗಿಡವಿದ್ದ ಬಯಲು ಮುಳ್ಳಿನ ಕೊಂಪೆಯಾಗಿತ್ತು. ಕಾರಣ ಸರಳ. ಜಾಲಿಯ ಕಾಯಿ ಸಿಹಿ. ದನ ಕುರಿ ಆಸೆಯಿಂದ ತಿನ್ನುತ್ತವೆ, ಗಟ್ಟಿ ಬೀಜ ಅರಗದೆ ಸಗಣಿ ಹಿಕ್ಕೆಯಲ್ಲಿ ಗೊಬ್ಬರ ಸಮೇತ ಬೀಳುತ್ತದೆ. ಎಲೆಯನ್ನು ಮಾತ್ರ ಅವು ಮುಟ್ಟುವುದಿಲ್ಲ. ಕಡಿದರೆ ಬುಡದಿಂದ ಹತ್ತು ಕವಲು. ಮರದ ಕೆಳಗೆ ಹುಲ್ಲು ಏಳುವುದಿಲ್ಲ.

ಹುಲ್ಲು ಹೋದರೆ ಏನು ಹೋಯಿತು ಎಂದು ಕೇಳುವವರಿದ್ದಾರೆ. ಈ ಸೀಮೆಯ ಚರಿತ್ರೆಯೇ ಹುಲ್ಲಿನ ಮೇಲೆ ನಿಂತಿದೆ. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದ ಅಮೃತ ಮಹಲ್, ಅದರ ಕಾವಲುಗಳು ಹಳೆಯ ಚಿತ್ರದುರ್ಗ, ಶಿವಮೊಗ್ಗ ಸೀಮೆಗಳಲ್ಲಿ ಹರಡಿಕೊಂಡಿದ್ದವು. ಫಿರಂಗಿ ಎಳೆದದ್ದು ಆ ಎತ್ತುಗಳು. ದಾವಣಗೆರೆ ಮೊದಲು ಹೆಸರಾದದ್ದು ಹತ್ತಿಗಿಂತ ಮುಂಚೆ ಕಂಬಳಿಗೆ. ಕಂಬಳಿಗೆ ಉಣ್ಣೆ, ಉಣ್ಣೆಗೆ ಕುರಿ, ಕುರಿಗೆ ಅಡವಿಯ ಹುಲ್ಲು. ಕಂದಾಯದ ಲೆಕ್ಕದಲ್ಲಿ ಆ ನೆಲವನ್ನು ಖರಾಬು ಎಂದು ಬರೆದರು. ಆ ಪದವೇ ಜಾಲಿಗೆ ಬಾಗಿಲು ತೆರೆಯಿತು ಎಂದು ನಾನು ತಿಳಿದಿದ್ದೇನೆ. ಖರಾಬಿನಲ್ಲಿ ಏನು ಬೆಳೆದರೂ ಲಾಭವೇ ತಾನೆ?

ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಇದೆ. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿರುವುದು ಇದೊಂದಕ್ಕೇ. ಅದರ ಸಲುವಾಗಿ 2011ರಲ್ಲಿ ಆ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಕೊಂಡುಕುರಿಗೆ ಬೇಕಾದದ್ದು ದಟ್ಟ ಮುಳ್ಳಲ್ಲ. ವಿರಳ ಮರಗಳ ನಡುವೆ ಎತ್ತರದ ಹುಲ್ಲು, ಹತ್ತಿರದಲ್ಲಿ ನೀರು. ಕುರಿ ಕಾಯುವವನಿಗೂ ಕೊಂಡುಕುರಿಗೂ ಬೇಕಾದ ನೆಲ ಹೆಚ್ಚುಕಡಿಮೆ ಒಂದೇ.

1984ರ ಆ ತರಗತಿಯ ಒಬ್ಬ ಈಗಲೂ ಕುರಿ ಸಾಕುತ್ತಾನೆ. "ಸಾರ್, ಅವತ್ತು ಕಾಯಿ ಹೊತ್ತೋನು ನಾನೇ. ಈಗ ಕುರಿ ಹೊಡ್ಕಂಡು ಭದ್ರಾ ಕಾಲುವೆ ಕಡೆ ಹೋಗ್ಬೇಕು, ಇಲ್ಲಿ ಮೇವೆಲ್ಲೈತಿ?" ಎಂದ. ಕೋಪದಿಂದಲ್ಲ, ನಗುತ್ತಲೇ ಎಂದ. ನನಗೆ ನಗು ಬರಲಿಲ್ಲ. ಸಂಚಿಕೆಯ ಸಮಿತಿಯಲ್ಲಿರುವ ಹೆಣ್ಣುಮಗಳೊಬ್ಬಳು ಪಕ್ಕದಲ್ಲೇ ಇದ್ದಳು. "ಹಂಗನ್ನಬ್ಯಾಡಣ್ಣ. ನಮ್ಮವ್ವ ಬರಗಾಲದಾಗೆ ಜಾಲಿ ಇದ್ದಿಲು ಸುಟ್ಟು ಮಾರಿ ನನ್ನ ಎಸ್ಸೆಸ್ಸೆಲ್ಸಿ ಓದಿಸಿದ್ಲು" ಎಂದಳು. ಆಕೆಯ ತಾಯಿ ಮೊದಲು ಒಂದು ಹೊರೆ ತಂಗಡಿ ಕಡ್ಡಿಗೆ ಮೂರು ಮೈಲಿ ನಡೆಯುತ್ತಿದ್ದರಂತೆ. ಜಾಲಿ ಬಂದ ಮೇಲೆ ಸೌದೆ ಹಿತ್ತಲಿಗೇ ಬಂತು. ನನ್ನ ಮನಸ್ಸು ಕುರಿಯವನ ಕಡೆಗಿದೆ. ಆಕೆಯ ಎದುರಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಇಲ್ಲಿ ಬರೆದಿದ್ದೇನೆ. ಜಾಲಿ ಕೀಳಬೇಕು, ಆದರೆ ಒಂದೇ ಸಲಕ್ಕೆ ಜೆಸಿಬಿ ಹೊಡೆಸಿ ಅಲ್ಲ. ಇದ್ದಿಲು ಸುಡುವವರಿಗೇ ಬುಡಸಮೇತ ಕೀಳುವ ಕೂಲಿ ಕೊಟ್ಟು, ತೆರವಾದಷ್ಟು ನೆಲಕ್ಕೆ ಮುಂಗಾರಿಗೆ ಮೊದಲೇ ಹುಲ್ಲಿನ ಬೀಜ ಹಾಕಿ, ಎರಡು ವರ್ಷ ದನ ಬಿಡದೆ ಕಾಯಬೇಕು. ಕಾಯುವ ಕೆಲಸಕ್ಕೆ ಯಾರೂ ದುಡ್ಡು ಇಡುವುದಿಲ್ಲ ಎಂಬುದೇ ತೊಡಕು.

ಮಹೋತ್ಸವದ ಪೆಂಡಾಲಿಗೆ ಜಾಗ ಬೇಕೆಂದು ನನ್ನ ಬೇಲಿಯನ್ನು ಜೆಸಿಬಿಯಿಂದಲೇ ತೆಗೆಸಿದರು. ಕಾಂಪೌಂಡ್ ಗೋಡೆ ಬಂದಿದೆ, ಬೇಲಿ ಬೇಕಿರಲಿಲ್ಲ. ಮೊದಲ ಮಳೆಯಾದ ಮೇಲೆ ಹೋಗಿ ನೋಡಿದೆ. ಎಂಟನೇ ತರಗತಿಯ ಮಕ್ಕಳು ಜಾಲಿಯ ಎಳೆ ಸಸಿ ಕೀಳುತ್ತಿದ್ದರು. ಒಂದೇ ಒಂದು ಸಗಣಿ ಗುಪ್ಪೆಯಲ್ಲಿ ನಲವತ್ತೊಂದು ಎಣಿಸಿ ತೋರಿಸಿದರು. ಕೆದರಿದ ಮಣ್ಣಿನಲ್ಲಿ ಅಲ್ಲಲ್ಲಿ ಗರಿಕೆ ಎದ್ದಿದೆ. ಅದರ ಪಕ್ಕದಲ್ಲಿ ಕಾಂಗ್ರೆಸ್ ಗಿಡವೂ.