ಐವತ್ತರ ಕರೆನ್ಸಿ

ಬಟವಾಡೆಯ ಸಂಜೆ ಚಿಕ್ಕಮಗಳೂರು ಕಡೆಯ ಆಲ್ದೂರಿನ ಮೊಬೈಲ್ ಅಂಗಡಿಯ ಮುಂದೆ ನಿಂತರೆ ಈಗಲೂ ಒಮ್ಮೊಮ್ಮೆ ಆ ಮಾತು ಕಿವಿಗೆ ಬೀಳುತ್ತದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಬಂದ ಹೆಂಗಸು ಸೆರಗಿನ ಗಂಟು ಬಿಚ್ಚಿ, ನೋಟು ಮುಂದಿಟ್ಟು, ‘ಅಣ್ಣಾ, ಐವತ್ತರ ಕರೆನ್ಸಿ ಹಾಕಿ’ ಅನ್ನುತ್ತಾಳೆ. ಕೊಡುವುದೂ ಕರೆನ್ಸಿ, ಕೇಳುವುದೂ ಕರೆನ್ಸಿ. ಆದರೂ ಅವಳಿಗಾಗಲಿ ಅಂಗಡಿಯವನಿಗಾಗಲಿ ಗೊಂದಲವಿಲ್ಲ. ಕೈಯಲ್ಲಿರುವುದು ದುಡ್ಡು, ಫೋನಿನೊಳಗೆ ಹೋಗಿ ಮಾತಾಗುವುದು ಕರೆನ್ಸಿ.

ಓದಿದವರು ಇದನ್ನು ತಪ್ಪು ಇಂಗ್ಲಿಷ್ ಎಂದು ತಿದ್ದುವುದನ್ನು ಕೇಳಿದ್ದೇನೆ. ‘ಬ್ಯಾಲೆನ್ಸ್ ಅನ್ನಿ, ರೀಚಾರ್ಜ್ ಅನ್ನಿ’ ಎನ್ನುತ್ತಾರೆ. ನನಗೆ ಇದರಲ್ಲಿ ತಿದ್ದುವಂಥದ್ದೇನೂ ಕಂಡಿಲ್ಲ. ಪದದ ಬೇರಿನವರೆಗೆ ಇಳಿದು ನೋಡಿದರೆ ಲೈನ್ ಮನೆಯ ಕನ್ನಡವೇ ಅದಕ್ಕೆ ಹತ್ತಿರವಾಗಿದೆ.

ಲ್ಯಾಟಿನ್ನಿನ ‘ಕುರ್ರೆರೆ’ ಎಂದರೆ ಓಡು. ಊರಿಂದೂರಿಗೆ ಓಡುವ ಕೊರಿಯರ್, ಪರದೆಯ ಮೇಲೆ ಓಡುವ ಕರ್ಸರ್, ತಂತಿಯೊಳಗೆ ಓಡುವ ಕರೆಂಟ್ ಎಲ್ಲವೂ ಆ ಬೇರಿನ ಚಿಗುರುಗಳೇ. ಇಂಗ್ಲಿಷಿನಲ್ಲಿ ಕರೆನ್ಸಿಗೂ ಮೊದಲಿದ್ದ ಅರ್ಥ ಹರಿವು. 17ನೇ ಶತಮಾನ ಮುಗಿಯುವ ಹೊತ್ತಿಗೆ ಅದು ಕೈಯಿಂದ ಕೈಗೆ ಹರಿದಾಡುವ ಹಣಕ್ಕೆ ಅಂಟಿಕೊಂಡಿತು. ನಮ್ಮ ‘ಚಲಾವಣೆ’ಯೂ ಇದೇ ಚಿತ್ರವನ್ನು ಹೊತ್ತಿದೆ: ಚಲಿಸಿದರೆ ನಾಣ್ಯ, ನಿಂತರೆ ಬರೀ ಲೋಹ.

ಸರ್ಕಾರಿ ಕಾಗದದಲ್ಲಿ ಪದಕ್ಕೆ ಗಟ್ಟಿಯಾದ ಜಾಗ ಸಿಕ್ಕಿದ್ದು 1861ರ ಪೇಪರ್ ಕರೆನ್ಸಿ ಕಾಯ್ದೆಯಿಂದ. ನೋಟು ಅಚ್ಚು ಹಾಕಿಸುವ ಅಧಿಕಾರವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡ ಕಾಯ್ದೆ ಅದು. ಜನ ಮಾತ್ರ ಆ ಕಾಗದವನ್ನು ‘ನೋಟು’ ಎಂದೇ ಕರೆದರು. ಅವರ ಬಳಿ ಮೊದಲೇ ದುಡ್ಡಿತ್ತು, ಹಣವಿತ್ತು, ಕಾಸಿತ್ತು. ಒಂದು ಕಾಲದಲ್ಲಿ ಹಣ ಎಂದರೆ ಒಂದು ಚಿನ್ನದ ನಾಣ್ಯ, ದುಡ್ಡು ಎಂದರೆ ತಾಮ್ರದ್ದು. ನಾಣ್ಯಗಳು ಹೋದ ಮೇಲೆ ಆ ಹೆಸರುಗಳು ಹಿಗ್ಗಿ ಇಡೀ ಸಂಪತ್ತಿಗೇ ಹೆಸರಾದವು. ಕರೆನ್ಸಿಯದು ಇದಕ್ಕೆ ತಿರುವುಮುರುವಾದ ದಾರಿ. ದೇಶದ ಇಡೀ ಚಲಾವಣೆಯನ್ನು ಹೇಳುತ್ತ ಬ್ಯಾಂಕು, ಪತ್ರಿಕೆಗಳಲ್ಲಿ ಉಳಿದಿದ್ದ ಪದ ಕುಗ್ಗಿ ಕುಗ್ಗಿ ಒಂದು ಸಿಮ್ಮಿನೊಳಗೆ ಕೂತಿತು.

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರದ್ದು; ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ಮಾಡಿದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟನೇ ಸಂಪುಟದೊಂದಿಗೆ ಮುಗಿದದ್ದೂ ಅದೇ 1995ರಲ್ಲಿ. ನಿಘಂಟಿನ ಬಾಗಿಲು ಹಾಕಿದ ವರ್ಷವೇ ಫೋನಿನ ಬಾಗಿಲು ತೆರೆಯಿತು. ಹಾಗಾಗಿ ಕೋಟ್ಯಂತರ ಸಲ ಕನ್ನಡಿಗರ ಬಾಯಲ್ಲಿ ಬಂದ ಈ ಅರ್ಥ ಆ ಎಂಟು ಸಂಪುಟಗಳಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದನ್ನು ಬರೆದಿಡಬೇಕೆಂಬ ನನ್ನ ಹಂಬಲಕ್ಕೆ ಇದೂ ಒಂದು ಕಾರಣ.

ಬಿಎಸ್ಸೆನ್ನೆಲ್ ಮೊಬೈಲ್ ಸೇವೆ ಶುರುವಾದದ್ದು 2002ರ ಅಕ್ಟೋಬರಿನಲ್ಲಿ. 2003ರ ಮೇ 1ರಿಂದ ಒಳಬರುವ ಕರೆಗೆ ದುಡ್ಡು ಕೊಡಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ಬಡವರ ಕೈಗೂ ಫೋನ್ ಬಂತು. ಅದರ ಜೊತೆ ಬಂದದ್ದು ನೋಟಿನ ಹಾಗೇ ಬೆಲೆ ಅಚ್ಚಾಗಿದ್ದ ಕಾರ್ಡು. ಹಿಂಬದಿಯ ಬೂದು ಪಟ್ಟಿಯನ್ನು ನಾಣ್ಯದಲ್ಲಿ ಕೆರೆದು, ಅಡಗಿದ್ದ ಅಂಕಿಗಳನ್ನು ಒತ್ತಿದರೆ ಕಾರ್ಡಿನ ಬೆಲೆ ಫೋನಿಗೆ ಹೋಗುತ್ತಿತ್ತು. ನೋಟಿನಂತೆಯೇ ಕಂಡ ಆ ಕಾಗದಕ್ಕೆ ಕರೆನ್ಸಿ ಎಂಬ ಹೆಸರು ಒಗ್ಗಿದ್ದು ಸಹಜ ಅನ್ನಿಸುತ್ತದೆ. ಇನ್ನೊಂದು ಕಾರಣ ನಮ್ಮ ಕಿವಿಯಲ್ಲೇ ಇದೆ. ಆ ಪದದ ಮೊದಲರ್ಧವೇ ‘ಕರೆ’. ಹೆಸರು ಹಿಡಿದು ಕರೆ, ಮದುವೆಗೆ ಕರೆ, ಊಟಕ್ಕೆ ಕರೆ ಎನ್ನುವ ಹಳೆಯ ಕನ್ನಡದ ಕರೆ. ಲ್ಯಾಟಿನ್ ಬೇರಿಗೂ ಇದಕ್ಕೂ ಯಾವ ನಂಟೂ ಇಲ್ಲ, ಬರೀ ದನಿಯ ಹೋಲಿಕೆ. ಆದರೆ ಬೇರೆ ನುಡಿಯ ಪದವೊಂದು ಬಂದು ನೆಲೆಯೂರುವಾಗ ಇಂಥ ಹೋಲಿಕೆ ಚಿಕ್ಕ ಸಹಾಯವಲ್ಲ. ‘ಕರೆ ಮಾಡೋಕೆ ಹಾಕೋದಲ್ವ, ಅದಕ್ಕೇ ಕರೆನ್ಸಿ’ ಎಂದು ನಮ್ಮ ಅಜ್ಜಿ ಪೂರ್ತಿ ನಂಬಿದ್ದಳು.

ಕರೆನ್ಸಿ ದುಡ್ಡಿಗೆ ಸಮವೂ ಆಗಿರಲಿಲ್ಲ. ಹತ್ತು ರೂಪಾಯಿ ಹಾಕಿಸಿದರೆ ತೆರಿಗೆ, ಕಂಪನಿಯ ಶುಲ್ಕ ಕಳೆದು ಒಳಗೆ ಉಳಿಯುತ್ತಿದ್ದದ್ದು ಅದಕ್ಕಿಂತ ಕಡಿಮೆ, ಒಂದಿಷ್ಟು ರೂಪಾಯಿ, ಒಂದಿಷ್ಟು ಪೈಸೆ. ಸಂತೆಗೆ ಬಂದವರು ಆ ಪೈಸೆಯವರೆಗೂ ಲೆಕ್ಕ ಇಡುತ್ತಿದ್ದರು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂಬ ದರ ತಂದ ಮೇಲೆ ಪೈಸೆಗೆ ಹೊಸ ಜೀವವೇ ಬಂತು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. ಸಂತೆಯಲ್ಲಿ ಸತ್ತ ಪೈಸೆ ಫೋನಿನೊಳಗೆ ಓಡುತ್ತಲೇ ಇತ್ತು. ಕರೆನ್ಸಿ ಉಳಿಸಲೆಂದೇ ಮಿಸ್‌ಕಾಲ್ ಎಂಬ ಭಾಷೆ ಹುಟ್ಟಿತು. ಒಂದು ರಿಂಗ್ ಎಂದರೆ ಬಸ್ಸಿಳಿದೆ, ಎರಡು ರಿಂಗ್ ಎಂದರೆ ಜೀಪ್ ಕಳಿಸಿ. ದುಡಿಮೆಯ ಇಷ್ಟು ಪಾಲು ಮಾತಿಗೆ ಎಂದು ಎಣಿಸಿ ಇಟ್ಟವರಿಗೆ ಮಾತು ಹಣವೇ ಆಗಿತ್ತು. ಬ್ಯಾಲೆನ್ಸ್ ಎಂಬ ಪದದಲ್ಲಿ ಈ ಬಿಸಿ ಇಲ್ಲ.

ಮಳೆಗಾಲದಲ್ಲಿ ‘ಕುರ್ರೆರೆ’ ಕುಟುಂಬದ ಎರಡು ಪದಗಳು ಒಟ್ಟಿಗೆ ಕೇಳಿಸುತ್ತವೆ. ಪುಷ್ಯ, ಆಶ್ಲೇಷ ಮಳೆಗೆ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಯಿತೆಂದೇ ಲೆಕ್ಕ. ಟವರಿನ ಬ್ಯಾಟರಿ ಇಳಿಯುತ್ತದೆ, ಸಿಗ್ನಲ್ ಸಾಯುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜರಿದ ದಿನಗಳಲ್ಲಿ ಫೋನಿನಲ್ಲಿ ಕರೆನ್ಸಿ ಇತ್ತು, ಕರೆಂಟ್ ಇರಲಿಲ್ಲ. ಜೀಪಿನ ಬ್ಯಾಟರಿಗೆ ವೈರ್ ಸಿಕ್ಕಿಸಿ ಚಾರ್ಜ್ ಮಾಡಿಕೊಂಡು, ಎರಡು ಕಡ್ಡಿ ಸಿಗ್ನಲ್ ಹುಡುಕುತ್ತ ದಿಬ್ಬ ಹತ್ತಿದ್ದು ನನಗೆ ಮರೆತಿಲ್ಲ. ಓಡಬೇಕಾದದ್ದು ಎರಡು, ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ.

ಪದದ ಕಾಲು ಸೋತದ್ದು 2016ರಲ್ಲಿ. ಸೆಪ್ಟೆಂಬರ್ 5ಕ್ಕೆ ಜಿಯೊ ಬಂತು, ಮಾತಿಗೆ ಲೆಕ್ಕವೇ ಇಲ್ಲವೆಂದಿತು. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಸುಮಾರು ಎರಡು ತಿಂಗಳ ಅಂತರದಲ್ಲಿ ಎರಡೂ ಅರ್ಥದ ಕರೆನ್ಸಿ ಅಲುಗಾಡಿತು. ನೋಟಿನ ಕರೆನ್ಸಿ ಹೊಸ ಬಣ್ಣದಲ್ಲಿ ಮರಳಿತು, ಫೋನಿನದು ಮರಳಲಿಲ್ಲ. ಈಗಿನ ಹುಡುಗರು ಹಾಕಿಸುವುದು ‘ಪ್ಯಾಕ್’, ‘ನೆಟ್’. ಐವತ್ತರದು, ಹತ್ತರದು ಎಂಬ ಅಳತೆ ಹೋಗಿ 28 ದಿನ, 84 ದಿನ ಎಂಬ ಗಡುವು ಬಂದಿದೆ. ಎಣಿಸಲು ಏನೂ ಇಲ್ಲದ ಮೇಲೆ ಕರೆನ್ಸಿ ಎನ್ನಲು ನಾಲಿಗೆ ಏಳದು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು ಕೇಳುವುದಂತೂ ರೀಚಾರ್ಜನ್ನೇ.

ಕಳೆದ ವಾರ ಅಂಗಡಿಯಲ್ಲಿ ಆ ಹೆಂಗಸು ಕರೆನ್ಸಿ ಕೇಳಿದಾಗ ಹುಡುಗ, ‘ಯಾವ ಪ್ಯಾಕ್ ಅಮ್ಮಾ? ದಿನಕ್ಕೆ ಎಷ್ಟು ಜಿಬಿ ಬೇಕು?’ ಎಂದ. ಅವಳ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ಡೇಟಾ ಬೇಡವೆನ್ನುವ ಇಂಥವರಿಗೆ ಮಾತು, ಮೆಸೇಜಿಗಷ್ಟೇ ಪ್ಯಾಕ್ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ.

‘ಜಿಬಿ ಎಲ್ಲ ಬೇಡಪ್ಪ. ಮಗಳ ಹತ್ರ ಮಾತಾಡೋಷ್ಟು ಕರೆನ್ಸಿ ಹಾಕು.’